ನಾಲ್ವರ ದೋಣಿಗೆ ಬಂದ ಬೋಗುಣಿ

ಜೂನ್ ೪

ತಂಗೀ,

ಫೋನಿನಲ್ಲಿ ನಾವಿಬ್ಬರೂ ನಾಲ್ಕು ಮಾತಾಡುವಷ್ಟರಲ್ಲಿ ಜಗಳಕ್ಕೆ ಬೀಳುತ್ತೇವೆ, ಬರೆಯೋಣ, ಅಂಚೆಯವನು ತಲುಪಿಸುವ ತನಕವಾದರೂ ಇಬ್ಬರೂ ತೆಪ್ಪಗಿರುತ್ತೇವೆ ಎಂದವಳು ನೀನು. ಬರೆಯುತ್ತಿದ್ದೇನೆ. ಇನ್ನು ಅಕ್ಷರ ತಿಳಿಯಲಿಲ್ಲ ಎಂದು ಗೊಣಗಬೇಡ.

ವಸತಿಗೃಹದ ಕೋಣೆ ಪರವಾಗಿಲ್ಲ. ಒಂದು ಮಂಚ, ಒಂದು ಮೇಜು, ಬಾಗಿಲ ಹಿಂದೆ ಒಂದು ಮೊಳೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೊಂದು ನೀರಿನ ಪೈಪು. ಬೇಸರವಾದಾಗ ಅದನ್ನೇ ನೋಡುತ್ತೇನೆ. ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಮೆಟ್ಟಿಲ ಬುಡದಲ್ಲೇ ಬೋರ್ಡು ಹಾಕಿದ್ದಾರೆ. ಕೆಲಸ ಕಾಯಂ ಆದರೆ ಕಚೇರಿಯ ಮನೆ ಸಿಗುತ್ತದೆ, ಮರುದಿನವೇ ಬಂದು ಮಿಣುಕಿಯನ್ನು ಕರೆದುಕೊಂಡು ಹೋಗುತ್ತೇನೆ. ಇದನ್ನು ಅವಳಿಗೆ ಆಗಾಗ ಹೇಳುತ್ತಿರು. ಏಳು ವರ್ಷದ ಮಕ್ಕಳಿಗೆ ಮರೆವು ಜಾಸ್ತಿ. ಅವಳಪ್ಪ ತೀರಿಕೊಂಡ ಮೇಲೆ ನನಗೆ ಸಿಕ್ಕ ಮೊದಲ ನೆಟ್ಟಗಿನ ಕೆಲಸ ಇದು. ಹಲ್ಲು ಕಚ್ಚಿಕೊಂಡು ಈ ವರ್ಷ ಕಳೆದರೆ ಸಾಕು.

ಕೆಲಸ ಏನೆಂದು ಕೇಳಿದ್ದೆ. ಆಟ ಆಡುವುದು. ನಗಬೇಡ. ವಿಡಿಯೋ ಗೇಮು ಯಾವ ವಯಸ್ಸಿನವರಿಗೆ ತಕ್ಕದ್ದು ಎಂದು ನಮ್ಮ ಕಚೇರಿ ಗುರುತು ಹಾಕಿ ಕೊಡುತ್ತದೆ. ನನ್ನದು ಚಿಕ್ಕ ಮಕ್ಕಳ ವಿಭಾಗ. ಒಬ್ಬರು ಆಡಬೇಕು, ಇನ್ನೊಬ್ಬರು ಎದುರಿಗೆ ಕೂತು ಆಡುವವರ ಮುಖವನ್ನು ಮಾತ್ರ ನೋಡಬೇಕು. ಪರದೆ ನೋಡುವಂತಿಲ್ಲ. ಎಲ್ಲಿ ಹೆದರಿದರು, ಎಲ್ಲಿ ರೇಗಿದರು, ಎಲ್ಲಿ ನಕ್ಕರು ಎಂದು ಬರೆದುಕೊಂಡು ಆಮೇಲೆ ಆಟಕ್ಕೆ ಹೊಂದಿಸಿ ನೋಡುತ್ತಾರೆ. ಬಾಯಿ ಸುಳ್ಳು ಹೇಳಬಹುದು, ಮುಖ ಹೇಳುವುದಿಲ್ಲವಂತೆ. ಮಗುವಿನ ಎತ್ತರಕ್ಕೆ ಬರಲೆಂದು ನನಗೊಂದು ಗಿಡ್ಡ ಸ್ಟೂಲು ಕೊಟ್ಟಿದ್ದಾರೆ. ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ನನ್ನ ಮುಖ ನೋಡುವವರು ಮೊದಲು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ ಹೆಂಗಸು. ಕಚೇರಿಗೆಲ್ಲ ಅವರು ಫೋಟೋದಮ್ಮ. "ಅಲ್ಲಾಡ್ಬೇಡಿ" ಎಂದು ಈಗಲೂ ಬಾಯಿತಪ್ಪಿ ಹೇಳುತ್ತಾರೆ.

ಮುಂದಿನ ತಿಂಗಳು ನಮ್ಮ ಮೇಜಿಗೆ 'ನಾಲ್ವರ ದೋಣಿ' ಎಂಬ ಆಟ ಬರಲಿದೆ. ಹೆಸರೇ ಹೇಳುವಂತೆ ನಾಲ್ಕು ಜನ ಕೂಡಿ ದೋಣಿ ನಡೆಸುವುದು. ಸದ್ಯಕ್ಕೆ ಪರೀಕ್ಷೆಗೆಂದು ಎಲ್ಲರಿಗೂ ಬಿಟ್ಟಿದ್ದಾರೆ. ಮಕ್ಕಳಿಗೆ ತಕ್ಕದ್ದೆಂದು ನಾವು ಗುರುತು ಕೊಟ್ಟರೆ ಮಕ್ಕಳ ಖಾತೆಗಳಲ್ಲಿ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ.

ಭಾನುವಾರ ಫೋನಿನಲ್ಲಿ ಮಿಣುಕಿ "ಹ್ಞೂಂ", "ಆಯ್ತು" ಬಿಟ್ಟು ಬೇರೆ ಮಾತಾಡಲಿಲ್ಲ. ಹಿಂದಿನಿಂದ ನೀನು ಏನೋ ಅಂದೆ, ಅದಕ್ಕೆ ಕಿಲಕಿಲ ನಕ್ಕಳು. ಏನು ಅಂದೆ?

ನಿನ್ನ ಅಕ್ಕ


ಜೂನ್ ೧೭

ಅಕ್ಕಾ,

ಏನೂ ಇಲ್ಲ ಮಾರಾಯ್ತಿ. ನಮ್ಮವರು ಗಿರಾಕಿಯೊಬ್ಬರ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದರು. ತೋಳು ಮೊಣಕೈಗೇ ನಿಂತಿತ್ತು. "ನೋಡೇ, ನಿಮ್ಮ ಚಿಕ್ಕಪ್ಪ ಮದುವೆ ಗಂಡು" ಅಂದೆ. ಅಷ್ಟಕ್ಕೆ ನಕ್ಕಳು.

ಇಲ್ಲಿ ನಮ್ಮ ಲಾಂಡ್ರಿ ಅಂಗಡಿ ಯಥಾಪ್ರಕಾರ. ಮಿಣುಕಿ ಶಾಲೆಯಿಂದ ನೇರ ಇಲ್ಲಿಗೇ ಬರುತ್ತಾಳೆ. ಒಗೆದು ಬಂದ ಬಟ್ಟೆಗೆ ಪ್ಲಾಸ್ಟಿಕ್ ಕವರು ಹಾಕುವುದು ಈಗ ಅವಳ ಕೆಲಸ. ಸ್ಟೂಲು ಹತ್ತಿ ಹ್ಯಾಂಗರಿನ ಕುತ್ತಿಗೆಯಿಂದ ಕವರು ಇಳಿಬಿಡುತ್ತಾಳೆ, ಹೆಡ್‌ಮೇಡಂ ಹಾಗೆ ನನ್ನನ್ನು ಬೈಯುತ್ತಾಳೆ. "ಚಿಕ್ಕಮ್ಮ, ಈ ಕಾಲರ್ ಸರಿಯಾಗಿ ಒತ್ತಿಲ್ಲ, ಇನ್ನೊಂದ್ಸಲ ಹಾಕು." ನಾನು ಹಾಕುತ್ತೇನೆ.

ಇನ್ನೊಂದು ವಿಷಯ ಕೇಳಿದರೆ ನಿನಗೆ ಖುಷಿಯಾಗುತ್ತದೆ. ನೀನು ಬರೆದ ದೋಣಿ ಆಟವನ್ನು ನಾವೂ ಹಾಕಿಕೊಂಡೆವು. ಅಮ್ಮ ನೋಡುವ ಆಟ ಇದೇ ಎಂದು ಹೇಳಿ ತೋರಿಸಿದೆ. ಅವಳು ಟ್ಯಾಬಿನಲ್ಲಿ, ನಾನು ಫೋನಿನಲ್ಲಿ. ಅವಳು ದೀಪ ಹಿಡಿಯುತ್ತಾಳೆ, ನಾನು ಹುಟ್ಟು ಹಾಕುತ್ತೇನೆ. ಚುಕ್ಕಾಣಿಗೆ ಯಾರೂ ಸಿಗದಿದ್ದರೆ ಆಟವೇ ಹಿಡಿದು ದೀಪ ತೋರಿಸಿದತ್ತ ತಿರುಗಿಸುತ್ತದೆ. ನೀರು ಎತ್ತಿ ಹಾಕುವ ನಾಲ್ಕನೇ ಜಾಗಕ್ಕೆ ದಾರಿಯಲ್ಲಿ ಹೋಗುವ ಯಾರಾದರೂ ಬಂದು ಕೂರುತ್ತಾರೆ, ಬೇಸರವಾದರೆ ಎದ್ದು ಹೋಗುತ್ತಾರೆ. ಅಂಗಡಿಯಲ್ಲಿ ಒಂಟಿ ಕಾಲುಚೀಲವೊಂದು ವಾರಸುದಾರರಿಲ್ಲದೆ ಬಿದ್ದಿತ್ತಲ್ಲ, ದೋಣಿಗೆ ಅದರ ಹೆಸರೇ ಇಟ್ಟಿದ್ದಾಳೆ, 'ಒಂಟಿ ಕಾಲುಚೀಲ' ಎಂದು. ನನ್ನ ಹೆಸರು ಇಸ್ತ್ರಿಪೆಟ್ಟಿಗೆ. ಬಿರುಗಾಳಿ ಬಂದರೆ ಅಂಗಡಿಯಲ್ಲೇ ನನ್ನ ತೊಡೆಗೆ ಒತ್ತಿಕೊಂಡು ಕೂರುತ್ತಾಳೆ. ಎಷ್ಟು ಬೆಚ್ಚಗಿರುತ್ತಾಳೆ ಅಕ್ಕಾ.

ಶಾಲೆಯವರು ಮುಂದಿನ ವರ್ಷಕ್ಕೂ ಅವಳ ಹೆಸರು ಇಟ್ಟುಕೊಳ್ಳಲಾ ಎಂದು ಕೇಳಿದರು. ನೋಡೋಣ ಎಂದಿದ್ದೇನೆ.

ತಂಗಿ


ಜೂನ್ ೨೯

ತಂಗಿಗೆ,

ಕಾಗದ ಓದಿದೆ. ನನ್ನ ಮಗಳ ಸಂಜೆಗಳು ಇಷ್ಟು ಸೊಗಸಾಗಿ ಕಳೆಯುತ್ತಿವೆ ಎಂದು ತಿಳಿದು ಸಂತೋಷವಾಯಿತು.

ಒಂದೆರಡು ಮಾತು ಹೇಳಬೇಕು, ಹೊಟ್ಟೆಕಿಚ್ಚೆಂದು ತಿಳಿಯಬೇಡ, ಇದು ನನ್ನ ಉದ್ಯೋಗ. ನಾವಿನ್ನೂ ಗುರುತು ಕೊಡದ ಆಟವನ್ನು ಮಗುವಿನ ಕೈಗೆ ಕೊಡುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಆ ನಾಲ್ಕನೇ ಜಾಗದಲ್ಲಿ ಕೂರುವವರು ಯಾರು, ಮೀಸೆ ಬಂದವರೋ ಹಾಲುಹಲ್ಲು ಬಿದ್ದವರೋ ನಿನಗೆ ಗೊತ್ತೇ? ದೊಡ್ಡವರ ಖಾತೆಯಿಂದಲೂ ಮಕ್ಕಳ ದೋಣಿಗೆ ಬರಬಹುದು, ಪರದೆಯ ಮೇಲೆ ಅವಳಿಗೆ ಏನು ಬೇಕಾದರೂ ಬರೆಯಬಹುದು. ಮತ್ತೆ ದೀಪದ ನಿಯಮ ಓದಿದ್ದೀಯಾ? ಮೊದಲ ಆರು ಬಿರುಗಾಳಿ ಸುಲಭ. ಏಳನೆಯದರಲ್ಲಿ ದೋಣಿಗೆ ಭಾರ ಹೆಚ್ಚಾಗುತ್ತದೆ, ಒಬ್ಬರು ಇಳಿಯಲೇಬೇಕು. ದೀಪ ಹಿಡಿದವರು ಯಾರ ಮುಖಕ್ಕೆ ಬೆಳಕು ಹಾಯಿಸುತ್ತಾರೋ ಅವರನ್ನು ಬಂಡೆಯ ಮೇಲೆ ಬಿಟ್ಟು ದೋಣಿ ಮುಂದೆ ಹೋಗುತ್ತದೆ. ಇಳಿದವರು ಅಲ್ಲೇ ಕಾಯಬಹುದು, ಬೇರೆ ದೋಣಿ ಹತ್ತಬಹುದು. ಏಳು ವರ್ಷದ ಹುಡುಗಿಯ ಕೈಗೆ ಇಂಥ ದೀಪ ಕೊಟ್ಟು ನೀನು ಬೆಚ್ಚಗೆ ಕೂತಿದ್ದೀಯ.

ಶಾಲೆಯವರಿಗೆ ನೋಡೋಣ ಎಂದದ್ದು ಯಾಕೆ? ಇಲ್ಲ ಎನ್ನಬೇಕಿತ್ತು.

ನೀವು ಯಾವ ಹೊತ್ತಿಗೆ ಆಡುತ್ತೀರಿ ಎಂದು ಬರೆ. ಕೆಲಸದ ದೃಷ್ಟಿಯಿಂದ ಕೇಳುತ್ತಿದ್ದೇನೆ. ಭಾನುವಾರ ನಾನು ಫೋನು ಬೇಗ ಇಟ್ಟೆ. ಕೆಲಸವಿತ್ತು.

ಅಕ್ಕ


ಜುಲೈ ೧೩

ಅಕ್ಕಾ,

ನಿನ್ನ ಕಾಗದ ಓದಿ ನಮ್ಮವರು "ಇಸ್ತ್ರಿ ಬೇಕಾಗಿರೋದು ಬಟ್ಟೆಗಲ್ಲ, ನಿಮ್ಮಕ್ಕನ ಹಣೆಗೆ" ಎಂದರು. ನಾನೇ ಗದರಿಸಿದೆ. ಭಾನುವಾರವೂ ಕೆಲಸವೆಂದರೆ ಯಾರಿಗಾದರೂ ಹಣೆ ಗಂಟಾಗುತ್ತದೆ.

ಮಗುವನ್ನು ಹಾಳು ಮಾಡುತ್ತಿದ್ದೇನೆ ಎನ್ನುವಂತೆ ಬರೆದಿದ್ದೀಯ. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಜಾಗ ಸಿಗದೆ ಹೋದೀತೆಂದು ಶಾಲೆಯವರಿಗೆ ನೋಡೋಣ ಎಂದೆ, ಬೇರೆ ಏನೂ ಅಲ್ಲ. ಆಡುವುದು, ಹೋದ ಭಾನುವಾರ ಫೋನಿನಲ್ಲಿ ನೀನು ಮತ್ತೆ ಕೇಳಿದಾಗಲೇ ಹೇಳಿದೆನಲ್ಲ, ಸಂಜೆ ಆರರ ಮೇಲೆ, ಅಂಗಡಿ ಖಾಲಿಯಾಗುವ ಹೊತ್ತಿನಲ್ಲಿ. ನಾನು ಪಕ್ಕದಲ್ಲೇ ಇರುತ್ತೇನೆ.

ನಾಲ್ಕನೇ ಜಾಗದ ಚಿಂತೆ ಬಿಡು, ಒಬ್ಬರು ಕಾಯಂ ಗಿರಾಕಿ ಸಿಕ್ಕಿದ್ದಾರೆ. ಹೆಸರು ಬೋಗುಣಿ. ದಿನಾ ಸರಿಯಾಗಿ ಅದೇ ಹೊತ್ತಿಗೆ ಬರುತ್ತಾರೆ. ಈ ವಾರವಷ್ಟೇ ಬರತೊಡಗಿದ್ದು. ನೀರು ಎತ್ತಿ ಹಾಕುವುದರಲ್ಲಿ ಎತ್ತಿದ ಕೈ, ಒಂದು ಹನಿ ಉಳಿಸುವುದಿಲ್ಲ. ಮೊದಲ ದಿನವೇ ಮಿಣುಕಿಗೆ "ದೀಪ ಎಷ್ಟು ಚೆನ್ನಾಗಿ ಹಿಡೀತೀಯ" ಎಂದು ಬರೆದರು. ಅವಳು ಆ ಸಂಜೆಯೆಲ್ಲ ಕವರು ಹಾಕದೆ ಬೀಗುತ್ತ ಓಡಾಡಿದಳು. ನಾನು ದಿನಾ ಹೇಳುವ ಮಾತೇ ಅದು. ನಾನು ಹೇಳಿದರೆ "ಗೊತ್ತು" ಎನ್ನುತ್ತಾಳೆ.

ತಂಗಿ


ಜುಲೈ ೨೭

ತಂಗಿಗೆ,

ದೋಣಿ ಆಟ ಈಗ ಅಧಿಕೃತವಾಗಿ ನನ್ನ ಪಾಲಿಗೆ ಬಂದಿದೆ. ಸಂಜೆ ಹೊತ್ತಿನಲ್ಲಿ ಮಕ್ಕಳು ಹೆಚ್ಚು ಇರುತ್ತಾರೆಂದು ಆ ಹೊತ್ತನ್ನೇ ಕೇಳಿ ಪಡೆದಿದ್ದೇನೆ. ಫೋಟೋದಮ್ಮ ಎದುರಿಗೆ ಕೂತಿರುತ್ತಾರೆ. ಬಾಯಲ್ಲಿ ಪೆಪ್ಪರ್‌ಮಿಂಟು, ಕೈಯಲ್ಲಿ ಪೆನ್ಸಿಲು, ಕಣ್ಣು ನನ್ನ ಹುಬ್ಬಿನ ಮೇಲೆ.

ಬೋಗುಣಿಯವರು ಯಾರೋ ನನಗೇನು ಗೊತ್ತು. ಆದರೆ ನೀನು ಬರೆದದ್ದು ನೋಡಿದರೆ ಜವಾಬ್ದಾರಿಯುಳ್ಳವರೇ ಇರಬೇಕು. ಹೊತ್ತಿಗೆ ಸರಿಯಾಗಿ ಬರುವವರನ್ನು ಅನುಮಾನದಿಂದ ನೋಡುವುದು ಸರಿಯಲ್ಲ. ಹೊಸಬರೆಲ್ಲ ಕೆಟ್ಟವರಾಗಿರುವುದಿಲ್ಲ.

ನೀನು ಮಾತ್ರ ಸ್ವಲ್ಪ ನೋಡಿಕೊಳ್ಳಬೇಕು. ಆಟವೆಂದರೆ ಆಟವೇ, ಮಗು ಅದನ್ನು ನಂಬಿ ಕೂತಿರುತ್ತದೆ. ಗಿರಾಕಿ ಬಂದ ಕೂಡಲೇ ಹುಟ್ಟು ಬಿಟ್ಟು ಎದ್ದು ಹೋದರೆ ಹೇಗೆ? ನಡುನೀರಿನಲ್ಲಿ ದೋಣಿ ಗರಗರ ತಿರುಗುತ್ತದೆ, ಅವಳು ದೀಪ ಹಿಡಿದುಕೊಂಡು ಸುತ್ತ ನೋಡುತ್ತಾಳೆ. ನೋಡುವವರ ಕರುಳು ಚುರುಕ್ಕೆನ್ನುತ್ತದೆ. ನಡುವೆ ಬಿಟ್ಟು ಹೋಗುವವರನ್ನು ನೆಚ್ಚಿಕೊಳ್ಳಬಾರದೆಂದು ಮಕ್ಕಳು ಬೇಗ ಕಲಿಯುತ್ತಾರೆ.

ಫೋಟೋದಮ್ಮ ಈಚೆಗೆ "ಈ ಆಟ ಆಡುವಾಗ ನಿಮ್ಮ ಮುಖಕ್ಕೆ ಬಣ್ಣ ಬರುತ್ತೆ" ಎನ್ನುತ್ತಾರೆ. ಕೆಲಸ ಹಿಡಿಸಿದೆ ಎಂದೆ.

ಅಕ್ಕ


ಆಗಸ್ಟ್ ೮

ಅಕ್ಕಾ,

ಇವತ್ತು ತಮಾಷೆ ಬರೆಯಲು ಕೈ ಬರುತ್ತಿಲ್ಲ.

ಮಿಣುಕಿಯ ಮುಂದಿನ ಹಲ್ಲು ಬಿತ್ತು. ಬಿದ್ದದ್ದು ನನಗೆ ಗೊತ್ತಾದದ್ದು ಹೇಗೆ ಹೇಳು. ಅವಳು ಅದನ್ನು ಬೋಗುಣಿಗೆ ಬರೆಯುತ್ತಿದ್ದಾಗ ಹಿಂದಿನಿಂದ ಓದಿದೆ. ಪಕ್ಕದಲ್ಲೇ ಕೂತವಳು ನಾನು, ಅವಳ ಬಾಯಿ ನೋಡದೆ ಪರದೆ ನೋಡಿ ತಿಳಿಯಬೇಕಾಯಿತು. ಬೋಗುಣಿ "ನೋವಾಯ್ತಾ ಬಂಗಾರ?" ಎಂದು ಬರೆದರು. ಯಾರು ಈ ಪ್ರಾಣಿ, ನನ್ನ ಮಗುವನ್ನು ಬಂಗಾರ ಎನ್ನಲು? ನನ್ನ ಮಗು ಎಂದು ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ, ಆ ಹೊತ್ತಿಗೆ ಅನಿಸಿದ್ದು ಅದೇ.

ಆಮೇಲೆ ಏಳನೇ ಬಿರುಗಾಳಿ ಬಂತು. ಇಷ್ಟು ದಿನ ನಾವು ಅಲ್ಲಿಯ ತನಕ ಮುಟ್ಟಿರಲಿಲ್ಲ. ಅದೇ ಹೊತ್ತಿಗೆ ಕಿಟಕಿ ಪರದೆಗಳನ್ನು ಒಗೆಯಲು ಕೊಟ್ಟಿದ್ದ ಹೆಂಗಸು ಬಂದರು. ಒಂದು ನಿಮಿಷ ಎದ್ದು ಗಂಟು ಕೊಟ್ಟು ಬರುವಷ್ಟರಲ್ಲಿ ಬೋಗುಣಿ ಅವಳಿಗೆ ಬರೆದಾಗಿತ್ತು, "ನಡುವೆ ಬಿಟ್ಟು ಹೋಗುವವರನ್ನು ನೆಚ್ಚಿಕೊಳ್ಳಬಾರದು" ಎಂದು. ದೋಣಿ ಮುಳುಗುತ್ತಿತ್ತು. ಮಿಣುಕಿ ದೀಪ ಎತ್ತಿದಳು. ಬೋಗುಣಿಯ ಕಡೆಗೆ ಒಂದು ಸಲ, ನನ್ನ ಕಡೆಗೆ ಒಂದು ಸಲ. ಆಮೇಲೆ ಬೆಳಕು ನನ್ನ ಮೇಲೇ ನಿಂತಿತು.

ನನ್ನ ಫೋನಿನಲ್ಲಿ ಒಂದು ಬಂಡೆ, ಅದರ ಮೇಲೆ ನಾನು, ದೂರ ಹೋಗುತ್ತಿರುವ ದೀಪ. ಅವಳು ನನ್ನ ತೊಡೆಗೆ ಒತ್ತಿಕೊಂಡೇ ಕೂತಿದ್ದಳು ಅಕ್ಕಾ, ಅವಳ ಮೈ ಬಿಸಿ ನನಗೆ ತಾಗುತ್ತಲೇ ಇತ್ತು. ಫೋನು ಆರಿಸಿ, ಎದ್ದು ಹೋಗಿ ಇಸ್ತ್ರಿ ಹಿಡಿದೆ. ಯಾರದೋ ಬಿಳಿ ಅಂಗಿಯ ಕಾಲರು ಸುಟ್ಟಿತು. ಸ್ವಲ್ಪ ಹೊತ್ತಿಗೆ ಅವಳೂ ಟ್ಯಾಬು ಕೆಳಗಿಟ್ಟು ಮುಖ ಊದಿಸಿಕೊಂಡು ಕೂತಳು. ಮಾಡಿದ್ದಕ್ಕೆ ನಾಚಿಕೆಯಾಗಿರಬೇಕು ಎಂದುಕೊಂಡೆ. ಅವಳು ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ.

ಆಟ ಅಷ್ಟೇ, ಗೊತ್ತು. ಆದರೂ ಈಗ ನಿನ್ನನ್ನೇ ಕೇಳುತ್ತಿದ್ದೇನೆ, ಜಗಳಕ್ಕಲ್ಲ. ನೀನು ಇದನ್ನೇ ಅಳೆಯುವವಳು. ಈ ಆಟ ಚಿಕ್ಕ ಮಕ್ಕಳಿಗೆ ತಕ್ಕದ್ದೇ? ಆ ಬೋಗುಣಿಯನ್ನು ನಾನು ಏನು ಮಾಡಲಿ?

ತಂಗಿ


ಆಗಸ್ಟ್ ೨೦

ತಂಗಿಗೆ,

ನೀನು ಕೇಳಿದ್ದಕ್ಕೆ ಕಚೇರಿಯೇ ಉತ್ತರ ಕೊಟ್ಟಿದೆ. ಸಭೆಯಲ್ಲಿ ಫೋಟೋದಮ್ಮ ತಮ್ಮ ಟಿಪ್ಪಣಿ ಓದಿದರು. ಎಲ್ಲರೂ ಒಪ್ಪಿದರು. 'ನಾಲ್ವರ ದೋಣಿ' ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ತಿಂಗಳ ಕೊನೆಗೆ ಮಕ್ಕಳ ಖಾತೆಗಳಲ್ಲಿ ಅದು ಮುಚ್ಚುತ್ತದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಬೋಗುಣಿಯ ಕಾಟವೂ ತಪ್ಪಿತು.

ಬಂಡೆಯ ವಿಷಯವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಕ್ಕಳು ಆ ಕ್ಷಣಕ್ಕೆ ಯಾರು ಹತ್ತಿರ ಅನಿಸುತ್ತಾರೋ ಅವರನ್ನು ಉಳಿಸಿಕೊಳ್ಳುತ್ತಾರೆ, ಅದರಲ್ಲಿ ನಿನ್ನ ತಪ್ಪಿಲ್ಲ. ಬಿದ್ದ ಹಲ್ಲನ್ನು ಎತ್ತಿಟ್ಟಿದ್ದೀಯಾ? ಬಿಸಾಡಿರಬೇಡ. ನನಗೆ ಬೇಕು.

ಅಕ್ಕ


ಸೆಪ್ಟೆಂಬರ್ ೩

ಅಕ್ಕಾ,

ಆಟ ಮುಚ್ಚಿತು. ಟ್ಯಾಬಿನಲ್ಲಿ ದೋಣಿಯ ಜಾಗದಲ್ಲಿ ಒಂದು ಬೂದು ಚೌಕ ಉಳಿದಿದೆ. ಮಿಣುಕಿ ಅದನ್ನು ದಿನಾ ಒತ್ತಿ ನೋಡುತ್ತಾಳೆ. ಮೊನ್ನೆ ಕೇಳಿದಳು, "ಚಿಕ್ಕಮ್ಮ, ಬೋಗುಣಿ ಎಲ್ಲಿರ್ತಾರೆ? ನಾನು ಕಾಗದ ಬರೀಬೇಕು. ನೀನು ಅಮ್ಮಂಗೆ ಬರೀತೀಯಲ್ಲ, ಹಾಗೆ." ವಿಳಾಸ ಗೊತ್ತಿಲ್ಲ ಎಂದರೆ ಬಿಡಲಿಲ್ಲ. ಅಂಚೆಯವರಿಗೆ ಎಲ್ಲ ಗೊತ್ತಿರುತ್ತದೆ ಎಂದಳು.

ಬರೆದು ಕೊಟ್ಟಳು. ಏನು ಮಾಡುವುದೆಂದು ಅದನ್ನು ಹಿಡಿದುಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದೆ. ಆಗ ನೆನಪಾಯಿತು. ನಡುವೆ ಬಿಟ್ಟು ಹೋಗುವವರನ್ನು ನೆಚ್ಚಿಕೊಳ್ಳಬಾರದು, ಇದನ್ನು ಎಲ್ಲೋ ಮೊದಲೇ ಓದಿದ್ದೇನಲ್ಲ ಎಂದು. ನಿನ್ನ ಜುಲೈ ಕಾಗದ ತೆಗೆದು ನೋಡಿದೆ. ಗಿರಾಕಿ ಬಂದರೆ ನಾನು ಹುಟ್ಟು ಬಿಟ್ಟು ಏಳುತ್ತೇನೆಂದು ನಿನಗೆ ನಾನು ಯಾವತ್ತೂ ಬರೆದಿಲ್ಲ. ದೋಣಿ ಗರಗರ ತಿರುಗುವುದನ್ನೂ ಬರೆದಿಲ್ಲ. ಅದನ್ನು ಕಂಡವರು ಒಬ್ಬರೇ, ನೀರು ಎತ್ತುತ್ತಿದ್ದವರು.

ಮೊದಲು ಸಿಟ್ಟು ಬಂತು. ಎಂಥ ಸಿಟ್ಟೆಂದರೆ ರೈಲು ಹತ್ತಿ ಬಂದು ನಿನ್ನ ಜುಟ್ಟು ಹಿಡಿಯೋಣ ಅನಿಸಿತು. ಯಾರೋ ಏನೋ ಎಂದು ನಾನು ನಿದ್ದೆ ಬಿಟ್ಟು ಹೆದರಿದ್ದೇನೆ. ನೀನು ಅಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ನನ್ನನ್ನು ಬಂಡೆಗೆ ಇಳಿಸಿದ್ದೀಯ, ಆಮೇಲೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನದ ಕಾಗದ ಬೇರೆ. ಅವಳ ಕಾಗದ ಓದಿದ ಮೇಲೆ ಸಿಟ್ಟಿಗೆ ಜಾಗ ಉಳಿಯಲಿಲ್ಲ. ತಪ್ಪು ನಿನ್ನದಷ್ಟೇ ಅಲ್ಲ, ಅವತ್ತು ಫೋನು ಆರಿಸಿದ ನನ್ನದೂ. ಮಿಣುಕಿಗೆ ನಾನು ಏನೂ ಹೇಳಿಲ್ಲ. ಅಂಚೆಯವರಿಗೆ ಗೊತ್ತಿರುತ್ತದೆ ಎಂದಳಲ್ಲ, ಅದಕ್ಕೇ ನಿನ್ನ ವಿಳಾಸ ಬರೆದು ಹಾಕುತ್ತಿದ್ದೇನೆ. ಓದು.

ತಂಗಿ

ಬೋಗುಣಿ ಅವರಿಗೆ,

ನಾನು ದೀಪದವಳು. ಆಟ ಬಂದ್ ಆಗಿದೆ. ನೀವು ಹುಡುಕ್ತಿರ್ತೀರ ಅಂತ ಬರೀತಿದೀನಿ. ನನ್ನ ಹೊಸ ಹಲ್ಲು ಸ್ವಲ್ಪ ಕಾಣ್ತಿದೆ.

ಅವತ್ತು ನಾನು ಚಿಕ್ಕಮ್ಮನ್ನ ಇಳಿಸಿದೆ. ಯಾಕೆ ಅಂದ್ರೆ ಚಿಕ್ಕಮ್ಮ ಬಂಡೆ ಮೇಲೆ ಇರ್ತಾಳೆ. ಎಲ್ಲೂ ಹೋಗಲ್ಲ. ಗಿರಾಕಿ ಹತ್ರ ಹೋದ್ರೂ ಬರ್ತಾಳೆ. ಗಾಳಿ ನಿಂತ ಮೇಲೆ ಹೋಗಿ ಹತ್ತಿಸ್ಕೋಬಹುದು. ನಿಮ್ಮನ್ನ ಇಳಿಸಿದ್ರೆ ನೀವು ಬೇರೆ ದೋಣಿ ಹತ್ತಿ ಹೋಗ್ಬಿಡ್ತೀರ ಅಂತ ಭಯ ಆಯ್ತು. ನಮ್ಮಮ್ಮನೂ ಫೋನಲ್ಲಿ ಬೇಗ ಹೋಗ್ಬಿಡ್ತಾರೆ. ನಾನು ಏನು ಹೇಳ್ಬೇಕು ಅಂತ ಯೋಚ್ನೆ ಮಾಡೋದ್ರಲ್ಲಿ ಇಟ್ಬಿಡ್ತಾರೆ. ಹೋಗೋರನ್ನ ಇಳಿಸ್ಬಾರ್ದು.

ಆದ್ರೆ ನಾನು ವಾಪಸ್ ಬಂದಾಗ ಬಂಡೆ ಖಾಲಿ ಇತ್ತು. ನೀವೂ ನೋಡಿದ್ರಲ್ಲ. ಚಿಕ್ಕಮ್ಮ ಯಾಕೆ ಇರಲಿಲ್ಲ? ನೀವು ಅವಳನ್ನ ಎಲ್ಲಾದ್ರೂ ನೋಡಿದ್ರಾ? ಇಲ್ಲಿ ಅಂಗಡೀಲಿ ಇದಾಳೆ, ಅಲ್ಲಿ ಇರಲಿಲ್ಲ.

ದೀಪದವಳು


ಸೆಪ್ಟೆಂಬರ್ ೧೪

ತಂಗೀ,

ನಿನ್ನ ಲಕೋಟೆ ತೆಗೆದದ್ದು ಕಚೇರಿಯ ಮೆಟ್ಟಿಲ ಮೇಲೆ. ಅಲ್ಲೇ ಕೂತೆ. ಹೋಗಿಬರುವವರು ಕಾಲು ಎತ್ತಿ ಎತ್ತಿ ದಾಟಿದರು.

ನನಗೆ ಹೊಟ್ಟೆಕಿಚ್ಚಿತ್ತು. ಈಗ ಉದ್ಯೋಗದ ನೆಪ ಬೇಡ. ಅವಳು ನಿನ್ನ ತೊಡೆಗೆ ಒತ್ತಿಕೊಂಡು ಕೂರುತ್ತಾಳೆಂದು ನೀನು ಬರೆದ ದಿನ ಕಿಟಕಿಯ ಪೈಪನ್ನು ನೋಡುತ್ತ ಊಟಕ್ಕೂ ಇಳಿಯಲಿಲ್ಲ. ಅವಳ ಪಕ್ಕ ಕೂರಲು ನನಗೆ ಬೇರೆ ದಾರಿ ಕಾಣಲಿಲ್ಲ. ಬೋಗುಣಿಗೆ ಅವಳು ಎಷ್ಟು ಮಾತಾಡುತ್ತಿದ್ದಳು ಗೊತ್ತೇ. ಕೊನೆಗೆ ಬೋಗುಣಿಯ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಅಮ್ಮನೆಂದು ಫೋನು ಮಾಡಿದರೆ ಹ್ಞೂಂ, ಬೋಗುಣಿಯೆಂದು ನೀರು ಎತ್ತಿದರೆ ಪುಟಗಟ್ಟಲೆ. ಭಾನುವಾರ ನನಗೆ ಯಾವ ಕೆಲಸವೂ ಇರಲಿಲ್ಲ. ಅವಳ ಹ್ಞೂಂ ಕೇಳಿದರೆ ಅಳು ಬರುತ್ತದೆ, ಅದು ಅವಳಿಗೆ ಕೇಳಬಾರದೆಂದು ಇಟ್ಟುಬಿಡುತ್ತೇನೆ.

ಬೆಳಕು ನಿನ್ನ ಮೇಲೆ ನಿಂತಾಗ ಗೆದ್ದೆ ಎಂದುಕೊಂಡೆ. ಫೋಟೋದಮ್ಮ ಸಭೆಯಲ್ಲಿ ಓದಿದ ಟಿಪ್ಪಣಿ ಇದು: "ಏಳನೇ ಬಿರುಗಾಳಿಯಲ್ಲಿ ಜೊತೆಗಾರ್ತಿಯನ್ನು ಇಳಿಸಿದಾಗ ಆಡುವವರು ನಕ್ಕರು. ದೋಣಿ ಇಳಿದವರನ್ನು ಹತ್ತಿಸಿಕೊಳ್ಳಲು ಬಂಡೆಯತ್ತ ತಿರುಗಿದಾಗ ಆ ನಗು ಹೋಯಿತು. ಇಷ್ಟು ವರ್ಷದಲ್ಲಿ ಯಾವ ಮುಖದಲ್ಲೂ ಇಂಥ ನಗು ನೋಡಿಲ್ಲ. ದೊಡ್ಡವರನ್ನೇ ಹೀಗೆ ಮಾಡುವ ಆಟ ಮಕ್ಕಳಿಗೆ ಬೇಡ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅವಳು ದೋಣಿ ತಿರುಗಿಸಿದ್ದು, ಖಾಲಿ ಬಂಡೆಯ ಸುತ್ತ ದೀಪ ಹಿಡಿದು ಹುಡುಕಿದ್ದು ನಾನು ನೋಡಿದ್ದೆ. ನಿನಗೆ ಬರೆಯಲಿಲ್ಲ. ಬರೆದಿದ್ದರೆ ಆವತ್ತೇ ನೀವಿಬ್ಬರೂ ಮಾತಾಡಿಕೊಳ್ಳುತ್ತಿದ್ದಿರಿ.

ಇವತ್ತು ಫೋಟೋದಮ್ಮನ ಮೇಜಿಗೆ ಹೋಗಿ ಹೇಳಿದೆ. ಗುರುತಿನವರ ಜೊತೆ ಆಡಬಾರದೆಂಬ ನಿಯಮ ಮುರಿದಿದ್ದೇನೆ, ಆ ನಗು ಆಟದ್ದಲ್ಲ, ನನ್ನದು, ಟಿಪ್ಪಣಿ ತಿದ್ದಿ ಎಂದೆ. ಅವರು ಪೆಪ್ಪರ್‌ಮಿಂಟು ಒಂದು ದವಡೆಯಿಂದ ಇನ್ನೊಂದಕ್ಕೆ ಹಾಕಿಕೊಂಡರು.

"ನೀವು ಆ ಮಗು ಆಡೋ ಹೊತ್ತು ತಿಳ್ಕೊಂಡ್ರಿ. ಬೇರೆ ಹೆಸ್ರಲ್ಲಿ ಪಕ್ಕ ಹೋಗಿ ಕೂತ್ರಿ. ಬಂಗಾರ ಅಂದ್ರಿ. ಮನೆಯವರ ಮೇಲೆ ಚಾಡಿ ಹೇಳಿದ್ರಿ. ಮಗು ನಂಬ್ತು. ಅಲ್ವಾ?"

"ನಾನು ಅವಳ ತಾಯಿ" ಎಂದೆ.

"ಅದು ಆಟಕ್ಕೆ ಗೊತ್ತಿತ್ತಾ?"

ಅವರು ಪೆನ್ಸಿಲು ಎತ್ತಿಕೊಂಡರು. ನಗುವಿನ ಸಾಲು ಹೊಡೆದು ಹಾಕಿದರು, 'ತಕ್ಕದ್ದಲ್ಲ' ಎಂಬ ಗುರುತನ್ನು ಹಾಗೇ ಉಳಿಸಿದರು. ಕಾರಣದ ಜಾಗದಲ್ಲಿ ಈಗ ನಾನಿದ್ದೇನೆ. ನೀನು ಕೇಳಿದ್ದೆಯಲ್ಲ, ಈ ಆಟ ಮಕ್ಕಳಿಗೆ ತಕ್ಕದ್ದೇ ಎಂದು. ಅಲ್ಲ, ತಂಗಿ. ನನ್ನಂಥವರು ಬಂದು ಕೂರಬಹುದಾದ ಆಟ ತಕ್ಕದ್ದಲ್ಲ.

ನನ್ನನ್ನು ಮಕ್ಕಳ ವಿಭಾಗದಿಂದ ತೆಗೆದಿದ್ದಾರೆ. ಕೆಲಸ ಹೋಗಲಿಲ್ಲ, ಕಾಯಂ ಆಗುವುದು ಮುಂದಿನ ವರ್ಷಕ್ಕೆ ಹೋಯಿತು. ಮನೆಯೂ ಹೋಯಿತು. ಶಾಲೆಯವರಿಗೆ ಹೆಸರು ಇಟ್ಟುಕೊಳ್ಳಿ ಎಂದು ಹೇಳು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ, ಒಳ್ಳೆಯವಳಾಗಿಬಿಟ್ಟೆ ಎಂದು ತಿಳಿಯಬೇಡ. ಅವಳು ಇಳಿಸುವಷ್ಟು ನೆಚ್ಚಿಕೊಂಡಿರುವುದು ನಿನ್ನನ್ನು. ಅಷ್ಟು ನೆಚ್ಚಿಕೆ ನನಗೂ ಬೇಕು. ಅವಳನ್ನು ಕೂರಿಸಿಕೊಂಡು ಬಂಡೆ ಯಾಕೆ ಖಾಲಿ ಇತ್ತೆಂದು ಹೇಳು, ಅದು ನೀನೇ ಹೇಳಬೇಕಾದ್ದು.

ಶನಿವಾರದ ರೈಲಿಗೆ ಬರುತ್ತಿದ್ದೇನೆ, ಎರಡು ದಿನ ಇರುತ್ತೇನೆ. ಕೆಳಗಿನದನ್ನು ಅವಳಿಗೆ ಓದಿ ಹೇಳು.

ಅಕ್ಕ

ದೀಪದವಳಿಗೆ,

ನಿನ್ನ ಕಾಗದ ತಲುಪಿತು. ಅಂಚೆಯವರಿಗೆ ನಿಜವಾಗಿಯೂ ಎಲ್ಲ ಗೊತ್ತಿರುತ್ತದೆ. ಬೋಗುಣಿ ಬೇರೆ ಯಾರೂ ಅಲ್ಲ ಮಿಣುಕಿ, ನಾನೇ, ಅಮ್ಮ. ಹೇಳದೆ ನಿನ್ನ ದೋಣಿಗೆ ಬಂದು ಕೂತೆ, ಚಿಕ್ಕಮ್ಮನ ಮೇಲೆ ಇಲ್ಲದ್ದು ಹೇಳಿದೆ. ಅದು ತಪ್ಪು. ಇನ್ನು ಮುಂದೆ ಹೆಸರು ಹೇಳದೆ ಯಾರಾದರೂ ಹಾಗೆ ಪಕ್ಕದಲ್ಲಿ ಕೂತು ಬಂಗಾರ ಎಂದರೆ ಎದ್ದು ಹೋಗಿ ಚಿಕ್ಕಮ್ಮನಿಗೆ ಹೇಳು.

ಭಾನುವಾರ ಫೋನು ಮಾಡಿದಾಗ ನಾನು ಇನ್ನು ಬೇಗ ಇಡುವುದಿಲ್ಲ. ನೀನು ಎಷ್ಟು ಹೊತ್ತು ಬೇಕಾದರೂ ಯೋಚನೆ ಮಾಡು, ನಾನು ಸುಮ್ಮನೆ ಹಿಡಿದುಕೊಂಡಿರುತ್ತೇನೆ. ನನಗೆ ಅಳು ಬಂದರೆ ಬರಲಿ, ನಿನಗೆ ಕೇಳಿಸಲಿ.

ಶನಿವಾರ ಬಂದಾಗ ಮಂಚದ ಮೇಲೆ ದೋಣಿ ಮಾಡೋಣ. ಚಿಕ್ಕಮ್ಮನೇ ಹುಟ್ಟು ಹಾಕಲಿ, ದೀಪ ನಿನ್ನದೇ. ಏಳನೇ ಗಾಳಿಗೆ ಭಾರವಾದರೆ ಈ ಸಲ ನನ್ನನ್ನು ಇಳಿಸು. ಬೇರೆ ದೋಣಿ ಹತ್ತುವುದಿಲ್ಲ. ನೀನು ತಿರುಗಿ ಬರುವ ತನಕ ಬಂಡೆಯ ಮೇಲೆ ನಿಂತಿರುತ್ತೇನೆ.

ಅಮ್ಮ